ಎರಡೆರಡಾಗಿ ಕಂಡಾಗ ನಾನು ಹುಡುಕುವ ಮೂರು ನರಗಳು

ಜಯನಗರದ ನಮ್ಮ ಕಣ್ಣಿನ ಕ್ಲಿನಿಕ್ಕಿಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿದೆ ಎಂದು ಯಾರೇ ಬಂದರೂ, ಟಾರ್ಚ್ ಕೈಗೆತ್ತಿಕೊಳ್ಳುವ ಮೊದಲು, ಒಂದು ಕಣ್ಣು ಮುಚ್ಚಿದರೆ ಆ ಜೋಡಿ ಬಿಂಬ ಹೋಗುತ್ತದೆಯೇ ಎಂದು ಕೇಳುತ್ತೇನೆ. ಮುಚ್ಚಿದ ಮೇಲೂ ಉಳಿದರೆ ಕಾರಣ ಸಾಮಾನ್ಯವಾಗಿ ಪೊರೆಯೋ ಕನ್ನಡಕದ ನಂಬರೋ ಆಗಿರುತ್ತದೆ. ಯಾವ ಕಣ್ಣು ಮುಚ್ಚಿದರೂ ಹೋಗುವುದಾದರೆ, ಕಣ್ಣುಗುಡ್ಡೆಯನ್ನು ಹೊರಳಿಸುವ 3, 4 ಮತ್ತು 6ನೆಯ ಕಪಾಲ ನರಗಳನ್ನು (ಮಿದುಳಿನಿಂದಲೇ ನೇರವಾಗಿ ಹೊರಡುವ ನರಗಳು) ಒಂದೊಂದಾಗಿ ಪರೀಕ್ಷಿಸುತ್ತೇನೆ.

ದೂರದ ಬಸ್ಸಿನ ಬೋರ್ಡು ಅಕ್ಕಪಕ್ಕ ಎರಡಾಗಿ ಕಂಡು, ಕೈಯಲ್ಲಿರುವ ಪತ್ರಿಕೆ ಸರಿಯಾಗಿಯೇ ಕಂಡರೆ ನನ್ನ ಅನುಮಾನ 6ನೆಯ ನರದ ಮೇಲೆ. ಅದು ಸೋತ ಕಣ್ಣು ಕಿವಿಯ ಕಡೆಗೆ ಪೂರ್ತಿ ಹೊರಳುವುದಿಲ್ಲ. ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿದಾಗಲೂ ಈ ನರ ಸೋಲುವುದರಿಂದ, ತಲೆನೋವು ಇದೆಯೇ ಎಂದು ಕೇಳದೆ ಯಾರನ್ನೂ ಕಳುಹಿಸುವುದಿಲ್ಲ.

4ನೆಯ ನರದ ತೊಂದರೆ ಮಾತ್ರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕಪಾಲ ನರಗಳಲ್ಲೆಲ್ಲ ತೀರ ತೆಳುವಾದ ಇದು ಮಿದುಳುಕಾಂಡದ ಹಿಂಬದಿಯಿಂದ ಹೊರಟು, ಬಳಸಿ ಬಂದು, ಕಣ್ಣನ್ನು ಕೆಳಕ್ಕೆ ಹೊರಳಿಸಲು ನೆರವಾಗುವ ಸುಪೀರಿಯರ್ ಆಬ್ಲಿಕ್ ಎಂಬ ಒಂದೇ ಸ್ನಾಯುವನ್ನು ಸೇರುತ್ತದೆ; ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಲ್ಲಿ ಇದನ್ನು ಮರೆಯದೆ ನೋಡಬೇಕು. ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹಿರಿಯರೊಬ್ಬರು, ಮೆಟ್ರೊ ನಿಲ್ದಾಣದಲ್ಲಿ ಇಳಿಯುವಾಗ ಮೆಟ್ಟಿಲುಗಳು ಒಂದರ ಮೇಲೊಂದು ಕಾಣುತ್ತವೆ ಎಂದು ಬಂದಿದ್ದರು. ಅವರ ಬಲಗಣ್ಣು ಎಡಗಣ್ಣಿಗಿಂತ ತುಸು ಮೇಲಿತ್ತು. ಎಡಕ್ಕೆ ನೋಡಿದಾಗ ಆ ಅಂತರ ಹೆಚ್ಚಿತು, ತಲೆಯನ್ನು ಬಲಭುಜದತ್ತ ವಾಲಿಸಿದಾಗ ಇನ್ನಷ್ಟು ಹೆಚ್ಚಿತು. ಈ ಮೂರೂ ಕೂಡಿದರೆ ಬಲಗಣ್ಣಿನ 4ನೆಯ ನರವೇ. ಕುರ್ಚಿಯಲ್ಲಿ ಸುಮ್ಮನೆ ಕುಳಿತಾಗ ಅವರ ತಲೆ ತಾನಾಗಿ ಎಡಕ್ಕೆ ವಾಲಿರುವುದನ್ನು ಗಮನಿಸಿ ಹಳೆಯ ಫೋಟೊ ಇದೆಯೇ ಎಂದೆ. "ಇವರು ಮೊದಲಿಂದಲೂ ಹೀಗೇ ಡಾಕ್ಟ್ರೇ" ಎನ್ನುತ್ತ ಅವರ ಹೆಂಡತಿ ಮೊಬೈಲಿನಲ್ಲಿ ತೋರಿಸಿದ ಮದುವೆಯ ಚಿತ್ರದಲ್ಲೂ ಅದೇ ವಾಲು ಇತ್ತು. ಬಹುಶಃ ಹುಟ್ಟಿನಿಂದಲೇ ಇದ್ದ ಕೊರತೆಯನ್ನು ಮಿದುಳು ಅಷ್ಟು ಕಾಲ ಸರಿದೂಗಿಸಿಕೊಂಡು ಬಂದು, ವಯಸ್ಸಾದಂತೆ ಕೈಬಿಟ್ಟಿತ್ತು. ಕನ್ನಡಕಕ್ಕೆ ಬೆಳಕನ್ನು ಬಾಗಿಸಿ ಎರಡು ಬಿಂಬಗಳನ್ನು ಕೂಡಿಸುವ ಪ್ರಿಸಂ ಹಾಕಿಸಿದ ಮೇಲೆ ಮೆಟ್ಟಿಲು ಒಂದೇ ಆಯಿತು.

3ನೆಯ ನರದ ವಿಷಯದಲ್ಲಿ ಇಷ್ಟು ಸಾವಧಾನ ಸಲ್ಲದು. ರೆಪ್ಪೆ ಜೋತುಬಿದ್ದು, ಕಣ್ಣು ಕೆಳಕ್ಕೂ ಹೊರಕ್ಕೂ ಸರಿದಿದ್ದರೆ ಮೊದಲು ಪಾಪೆಯನ್ನು ನೋಡುತ್ತೇನೆ. ಪಾಪೆಯನ್ನು ಕುಗ್ಗಿಸುವ ಎಳೆಗಳು ಈ ನರದ ಹೊರಮೈಯಲ್ಲಿ ಸಾಗುವುದರಿಂದ, ಪಕ್ಕದ ರಕ್ತನಾಳ ಉಬ್ಬಿ ಒತ್ತಿದಾಗ ಪಾಪೆ ಹಿಗ್ಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ನರದ ಒಳತಿರುಳಿಗೆ ರಕ್ತ ಸಾಲದೆ ಬರುವ ತೊಂದರೆಯಲ್ಲಿ ಪಾಪೆ ಹೆಚ್ಚಾಗಿ ಹಿಗ್ಗದೆ ಮೊದಲಿನಂತೆಯೇ ಇರುತ್ತದೆ, ಸುಮಾರು 3 ತಿಂಗಳಲ್ಲಿ ಕಣ್ಣೂ ಸಾಮಾನ್ಯವಾಗಿ ಸರಿಹೋಗುತ್ತದೆ. ಪಾಪೆ ಹಿಗ್ಗಿದ್ದರೆ, ಎರಡೂ ಪಾಪೆಗಳ ಅಳತೆಯನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆದು, ನರರೋಗ ವಿಭಾಗಕ್ಕೆ ನಾನೇ ಫೋನ್ ಮಾಡಿ, ಮನೆಗೂ ಹೋಗಗೊಡದೆ ನೇರವಾಗಿ ರಕ್ತನಾಳಗಳ ಸ್ಕ್ಯಾನಿಗೆ ಕಳುಹಿಸುತ್ತೇನೆ.