ಮಳೆಗಾಲದ ಕೆಮ್ಮೋ, ಬಚ್ಚಲಿನ ಘಾಟೋ: ಗುರುತಿಸುವ ಮತ್ತು ತಪ್ಪಿಸುವ ಬಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಆಟಿಯಲ್ಲಿ ಕೆಮ್ಮು ಹಿಡಿದರೆ ಮಳೆಯ ತಂಡಿಯೇ ಕಾರಣವೆಂದು ಸುಮ್ಮನಾಗುವುದು ರೂಢಿ. ಎರಚಲು ಒಳಬಾರದಂತೆ ಕಿಟಕಿ ಮುಚ್ಚಿಕೊಂಡು ಬಚ್ಚಲು ತೊಳೆಯುವ ಕಾಲವೂ ಅದೇ ಆಗಿರುವುದರಿಂದ, ಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಶುಚಿಗೊಳಿಸುವ ಕೆಲಸ ಮಾಡುವವರು ಕ್ರಿಮಿನಾಶಕ ದ್ರಾವಣದ ಮೇಲೂ ಸಂಶಯ ಇಟ್ಟುಕೊಳ್ಳಬೇಕು.

ಘಾಟು ಮೂಗಿಗೆ ಬಡಿದ ಕೂಡಲೇ ಬರುವ ಕೆಮ್ಮು ಬರಿಯ ಉರಿ. ಅದು ಯಾರಿಗಾದರೂ ಬರುತ್ತದೆ. ಗ್ಲುಟರಾಲ್ಡಿಹೈಡ್, ಫಾರ್ಮಾಲಿನ್, ಬೆಂಜಾಲ್ಕೋನಿಯಂ ಕ್ಲೋರೈಡ್‌ನಂಥ ಕ್ರಿಮಿನಾಶಕಗಳು ಇನ್ನೊಂದು ಕೆಲಸವನ್ನೂ ಮಾಡಬಲ್ಲವು: ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏನೂ ಆಗದೆ ಉಸಿರಾಡಿಕೊಂಡು ಬಂದವರಲ್ಲಿ ರೋಗನಿರೋಧಕ ವ್ಯವಸ್ಥೆ ಆ ವಸ್ತುವನ್ನು ಗುರುತಿಟ್ಟುಕೊಂಡು, ಅನಂತರ ಅಲ್ಪ ಪ್ರಮಾಣಕ್ಕೂ ಶ್ವಾಸನಾಳ ಬಿಗಿಯುವಂತಾಗುತ್ತದೆ. ಈ ಬಿಗಿತ ಎಷ್ಟೋ ಸಲ ನಾಲ್ಕರಿಂದ ಎಂಟು ಗಂಟೆ ತಡವಾಗಿ ಬರುತ್ತದೆ. ಬೆಳಗ್ಗಿನ ದ್ರಾವಣಕ್ಕೂ ರಾತ್ರಿಯ ಉಬ್ಬಸಕ್ಕೂ ನಂಟು ಕಾಣದಿರುವುದು ಇದರಿಂದಲೇ.

ಆದ್ದರಿಂದ ಎರಡು ಮೂರು ವಾರ ಒಂದು ಪುಸ್ತಕದಲ್ಲಿ ಬಳಸಿದ ದ್ರಾವಣ, ಹೊತ್ತು, ಕೆಮ್ಮು ಬಂದ ಹೊತ್ತು, ರಜೆಯ ದಿನದ ಸ್ಥಿತಿ ಇಷ್ಟನ್ನು ಬರೆದಿಡಿ. ರಜೆಯಲ್ಲಿ ಹಗುರಾಗಿ, ಕೆಲಸಕ್ಕೆ ಮರಳಿದೊಡನೆ ಮರುಕಳಿಸಿದರೆ ಆ ಪುಸ್ತಕವನ್ನೂ ಬಾಟಲಿಯ ಲೇಬಲ್ಲನ್ನೂ ವೈದ್ಯರಿಗೆ ತೋರಿಸಿ. ಊದಿದ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಇದ್ದರೆ ದಿನಕ್ಕೆ ನಾಲ್ಕು ಸಲ ಊದಿ ಅಂಕಿ ಬರೆಯುವುದು ಇನ್ನೂ ಉತ್ತಮ.

ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣಕ್ಕೆ ಕಕ್ಕಸು ತೊಳೆಯುವ ಆಸಿಡ್ ಎಂದಿಗೂ ಸೇರಬಾರದು, ಏಕೆಂದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯ ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ಎರಡು ಸೇರಿದರೆ ಹೆಚ್ಚು ಬೆಳ್ಳಗಾಗುತ್ತದೆಂಬ ನಂಬಿಕೆ ಅಪಾಯಕಾರಿ. ಅಕಸ್ಮಾತ್ ಸೇರಿಹೋದರೆ ಬಕೆಟನ್ನು ಅಲ್ಲೇ ಬಿಟ್ಟು ಹೊರಗೆ ಬನ್ನಿ. ಉಸಿರಿನ ತೊಂದರೆ ಕೆಲವು ಗಂಟೆಗಳ ಬಳಿಕವೂ ಹೆಚ್ಚಬಹುದಾದ್ದರಿಂದ ಆ ದಿನವೆಲ್ಲ ಗಮನವಿರಲಿ, ಏದುಸಿರು ಬಂದರೆ ಆಸ್ಪತ್ರೆಗೆ ಹೋಗಿ.

ಶೇ. 5ರ ಬ್ಲೀಚ್ ಒಂದು ಪಾಲಿಗೆ 49 ಪಾಲು ತಣ್ಣೀರು ಬೆರೆಸಿದರೆ ಶೇ. 0.1ರ ದ್ರಾವಣವಾಗುತ್ತದೆ, ಮನೆಯ ನೆಲಕ್ಕೆ ಅಷ್ಟು ಸಾಕು. ಸ್ಪ್ರೇ ಮಾಡದೆ ಬಟ್ಟೆಯಲ್ಲಿ ಅದ್ದಿ ಒರೆಸಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಅಡುಗೆಮನೆಯಲ್ಲಲ್ಲ, ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕಲಸಿ. ಸಾಮಾನ್ಯ ಬಟ್ಟೆಯ ಮಾಸ್ಕು ಘಾಟನ್ನು ತಡೆಯುವುದಿಲ್ಲ.

ಒಮ್ಮೆ ಅಲರ್ಜಿ ಕೂತಿತೆಂದು ವೈದ್ಯರು ಹೇಳಿದರೆ ದ್ರಾವಣವನ್ನು ತೆಳುಮಾಡಿಕೊಳ್ಳುವುದು ಸಾಲದು. ಆ ವಸ್ತುವನ್ನು ಪೂರ್ತಿ ಬಿಟ್ಟು, ಸೋಪುನೀರು ನಡೆಯುವಲ್ಲಿ ಸೋಪುನೀರನ್ನೇ ಬಳಸಿ, ಉಳಿದ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕು.