ಮೊದಲು ಗಾಳಿ ತಿರುಗಲಿ, ಆಮೇಲೆ ಬೆಂಕಿ

ಕೋಣೆ ಬೆಚ್ಚಗಿಡುವ ಸೌದೆ ಒಲೆ ಹೊಗೆ ಉಗುಳಿದರೆ ನಾವು ಮೊದಲು ಬೈಯುವುದು ಸೌದೆಯನ್ನು. ನಾನೂ ಎರಡು ಚಳಿಗಾಲ ಹಾಗೇ ಬೈದೆ. ಕೊನೆಗೆ ತೇವ ಅಳೆಯುವ ಮೀಟರ್ ತಂದು, ಒಂದು ತುಂಡು ಸೀಳಿ ಒಳಮೈಗೆ ಚುಚ್ಚಿ ನೋಡಿದೆ. ಶೇ. 17. ಶೇ. 20ಕ್ಕಿಂತ ಕಡಿಮೆ ಇದ್ದರೆ ಸಾಕು, ಅಂದರೆ ಸೌದೆಯ ತಪ್ಪೇನೂ ಇರಲಿಲ್ಲ. ಆದರೂ ಬೆಳಿಗ್ಗೆ ಕಡ್ಡಿ ಗೀರಿದ ಕೂಡಲೇ ಹೊಗೆ ಮೇಲೆ ಹೋಗುವ ಬದಲು ಕೋಣೆಗೇ ನುಗ್ಗುತ್ತಿತ್ತು. ಸಂಜೆ ಮತ್ತೆ ಹಚ್ಚಿದರೆ ಅದೇ ಒಲೆ, ಅದೇ ಸೌದೆ, ಒಂದೆಳೆ ಹೊಗೆಯೂ ಇಲ್ಲ!

ಉತ್ತರ ಸಿಕ್ಕಿದ್ದು ಬೂದಿ ತೆಗೆಯುವಾಗ. ಒಲೆಯ ಬಾಗಿಲು ತೆರೆದು ಕೈ ಒಳಗಿಟ್ಟೆ. ಫ್ರಿಜ್ ತೆಗೆದ ಹಾಗೆ ತಣ್ಣನೆ ಗಾಳಿ ಮುಂಗೈ ಮೇಲೆ ಸುರಿಯಿತು. ನುಣ್ಣನೆಯ ಬೂದಿ ಮೇಲೇಳದೆ ನನ್ನ ಮುಖಕ್ಕೇ ಬಂತು. ಬೆಂಕಿಯೇ ಇಲ್ಲದಾಗ ಚಿಮಣಿ ಕೆಳಮುಖವಾಗಿ ಉಸಿರಾಡುತ್ತಿತ್ತು, ನಾನು ಅದಕ್ಕೆ ಎದುರಾಗಿ ಹೊಗೆ ಕಳಿಸುತ್ತಿದ್ದೆ.

ನಮ್ಮ ಚಿಮಣಿ ಇರುವುದು ಹೊರಗೋಡೆಗೆ ಅಂಟಿಕೊಂಡು. ರಾತ್ರಿಯೆಲ್ಲ ಅದರೊಳಗಿನ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಮನೆಯೊಳಗಿನ ಬೆಚ್ಚನೆ ಗಾಳಿ ಮೇಲೇರಿ, ಮಹಡಿಯ ಸಂದುಗೊಂದುಗಳಿಂದ ಹೊರಗೆ ಹೋಗುತ್ತದೆ. ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಬೇಕಲ್ವಾ? ಚಿಮಣಿಯೇ ದಾರಿಯಾಗುತ್ತದೆ. ಮನೆಯ ನಡುವಿನಿಂದ ಮೇಲೆ ಹೋಗುವ ಚಿಮಣಿ ಇದ್ದವರಿಗೆ ಈ ಕಾಟ ಕಡಿಮೆ, ಅದು ಮನೆಯ ಜೊತೆಗೇ ಬೆಚ್ಚಗಿರುತ್ತದೆ.

ಈಗ ಬೆಂಕಿಗಿಂತ ಮೊದಲು ಡ್ಯಾಂಪರ್, ಅಂದರೆ ಹೊಗೆಯ ದಾರಿಯನ್ನು ತೆರೆದು ಮುಚ್ಚುವ ತಗಡು, ಪೂರ್ತಿ ತೆರೆದು, ಒಂದು ಊದುಬತ್ತಿಯನ್ನು ಒಲೆಯ ಬಾಯಿಗೆ ಹಿಡಿಯುತ್ತೇನೆ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ನನ್ನ ಕಡೆ ಬಾಗಿದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆರಿಸುತ್ತೇನೆ, ಮಹಡಿಯ ಕಿಟಕಿಗಳನ್ನು ಮುಚ್ಚುತ್ತೇನೆ, ಒಲೆ ಇರುವ ಕೋಣೆಯ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆಯುತ್ತೇನೆ. ಹೊಗೆ ಹೋಗಲಿ ಅಂತ ನಾನು ಮೊದಲು ಮಹಡಿಯ ಕಿಟಕಿಯನ್ನೇ ತೆರೆಯುತ್ತಿದ್ದೆ. ಅದರಿಂದ ಚಿಮಣಿಯ ಕೆಳಮುಖ ಎಳೆತ ಇನ್ನೂ ಜಾಸ್ತಿಯಾಗುತ್ತಿತ್ತು ಅಂತ ತಿಳಿದದ್ದು ಆಮೇಲೆ. ಎಷ್ಟೋ ಸಲ ಕಿಟಕಿಯ ಕೆಲಸ ಮುಗಿದು ಎರಡು ಮೂರು ನಿಮಿಷಕ್ಕೆ ಊದುಬತ್ತಿಯ ಹೊಗೆ ತಾನೇ ತಿರುಗುತ್ತದೆ.

ತಿರುಗದಿದ್ದರೆ ಪೇಪರ್. ಹಳೆ ಪತ್ರಿಕೆಯ ಒಂದೇ ಹಾಳೆಯನ್ನು ಸಡಿಲವಾಗಿ ತಿರುಚಿ ಹಚ್ಚಿ, ಹೊಗೆ ಕೊಳವೆಗೆ ಹೋಗುವ ಸಂದಿನ ಹತ್ತಿರ ಹಿಡಿಯುತ್ತೇನೆ. ಮೊದಲು ಉರಿ ಅತ್ತಿತ್ತ ಹೊಯ್ದಾಡುತ್ತದೆ. ಆಮೇಲೆ ಒಮ್ಮೆಲೇ ಗುಂಯ್ ಅನ್ನುವ ಸದ್ದು, ಉರಿ ನೆಟ್ಟಗೆ ಮೇಲಕ್ಕೆ ಚಾಚುತ್ತದೆ. ಆ ಸದ್ದು ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಅವಸರಕ್ಕೆ ಒಂದು ದಿನ ನಾಲ್ಕು ಹಾಳೆ ತುರುಕಿದ್ದೆ, ಉರಿಯುವ ಚೂರುಗಳು ಚಿಮಣಿಯ ತುದಿಯಿಂದ ಹಾರಿದವು. ಒಳಗೆ ಮಸಿ ಕಟ್ಟಿದ್ದರೆ ಅದಕ್ಕೇ ಬೆಂಕಿ ಹತ್ತಬಹುದಿತ್ತು. ಒಂದೇ ಹಾಳೆ, ಬೇಕಿದ್ದರೆ ಇನ್ನೊಂದು.

ಸೌದೆ ಜೋಡಿಸುವುದನ್ನೂ ತಲೆಕೆಳಗು ಮಾಡಿದ್ದೇನೆ. ದಪ್ಪ ತುಂಡು ಅಡಿಗೆ, ಅದರ ಮೇಲೆ ಸಣ್ಣವು, ತೀರಾ ಮೇಲೆ ಬೆರಳಿಗಿಂತ ಸಣ್ಣ ಸೀಳುಗಳು. ಹಚ್ಚುವುದು ಮೇಲಿನಿಂದ. ಉರಿ ಕೊಳವೆಗೆ ಹತ್ತಿರ ಇರುವುದರಿಂದ ಚಿಮಣಿ ಬೇಗ ಬಿಸಿಯಾಗುತ್ತದೆ. ತಣ್ಣನೆ ದಿಮ್ಮಿಯ ಅಡಿಯಲ್ಲಿ ಬೆಂಕಿ ಕಮರಿ ಹೊಗೆಯಾಡುವುದೂ ಇಲ್ಲ. ಮೊದಲ ಕೆಲವು ನಿಮಿಷ ಒಲೆಯ ಬಾಗಿಲನ್ನು ಒಂದು ಬೆರಳಷ್ಟು ತೆರೆದಿಟ್ಟು ಅಲ್ಲೇ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಉರಿ ಹಿಡಿದ ಮೇಲೆ ಬಾಗಿಲು ಮುಚ್ಚುತ್ತೇನೆ, ಇನ್ನೂ ಸ್ವಲ್ಪ ಹೊತ್ತಿಗೆ ಕಿಟಕಿ.

ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ. ಬಣ್ಣವೂ ವಾಸನೆಯೂ ಇಲ್ಲದ ಆ ವಿಷಾನಿಲದ ಭಯ ನನಗೆ ಬೆಳಿಗ್ಗೆಗಿಂತ ರಾತ್ರಿಯೇ ಜಾಸ್ತಿ. ಕೆಂಡ ನಿಧಾನಕ್ಕೆ ಆರುವಾಗ ಚಿಮಣಿಯೂ ತಣ್ಣಗಾಗುತ್ತದೆ, ಗಾಳಿ ಸದ್ದಿಲ್ಲದೆ ಮತ್ತೆ ಕೆಳಕ್ಕೆ ತಿರುಗಬಹುದು. ಹಾಗಾಗಿ ಮಲಗುವ ಹೊತ್ತಿಗೆ ಎಕ್ಸಾಸ್ಟ್ ಫ್ಯಾನ್ ಆಫ್ ಇದೆಯಾ ಅಂತ ಇನ್ನೊಮ್ಮೆ ನೋಡುತ್ತೇನೆ.

ಏನು ಮಾಡಿದರೂ ಊದುಬತ್ತಿಯ ಹೊಗೆ ತಿರುಗದ ದಿನಗಳೂ ಇವೆ. ಹೊರಗೆ ಮನೆಗಿಂತ ಬೆಚ್ಚಗಿರುವಾಗ ಹೀಗಾಗುತ್ತದೆ. ಅವತ್ತು ಒಲೆ ಹಚ್ಚುವುದಿಲ್ಲ.