ಹಾಡಿನ ಲಯಕ್ಕೆ ದೃಶ್ಯ ಹೊಂದಿಸುವುದು ಹೇಗೆ?

ಪಾಪ್ ಹಾಡಿನ ವಿಡಿಯೊ ಸಂಕಲನಕ್ಕೆ ಕುಳಿತವರು ಚಿತ್ರೀಕರಿಸಿದ ತುಣುಕುಗಳನ್ನು ತೆರೆಯುವ ಮೊದಲು ಹಾಡನ್ನು ನಾಲ್ಕಾರು ಸಲ ಕೇಳಬೇಕು. ಇಲ್ಲಿ ಹಾಡೇ ಚಿತ್ರಕಥೆ. ಚರಣ ಮುಗಿಯುವ ಜಾಗ, ಪಲ್ಲವಿ ಮರಳುವ ಜಾಗ, ವಾದ್ಯಗಳೆಲ್ಲ ಒಮ್ಮೆಲೇ ನಿಂತು ದನಿಯೊಂದೇ ಉಳಿಯುವ ಜಾಗ, ಇವಿಷ್ಟಕ್ಕೂ ಟೈಮ್‌ಲೈನಿನಲ್ಲಿ (ಸಂಕಲನ ತಂತ್ರಾಂಶದಲ್ಲಿ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ಮಾರ್ಕರ್, ಅಂದರೆ ಗುರುತು, ಹಾಕಿಕೊಳ್ಳಿ. ನಿಮಿಷಕ್ಕೆ 120 ಬೀಟ್ (ತಾಳದ ಪೆಟ್ಟು) ಇರುವ ಹಾಡಿನಲ್ಲಿ ಒಂದು ಬೀಟ್ ಅರ್ಧ ಸೆಕೆಂಡಿನದು. ಸೆಕೆಂಡಿಗೆ 24 ಫ್ರೇಮ್‌ಗಳ, ಅಂದರೆ ಬಿಡಿ ಚಿತ್ರಗಳ, ವಿಡಿಯೊದಲ್ಲಿ ಅದು 12 ಫ್ರೇಮ್ ಆಗುತ್ತದೆ.

ಗಾಯಕರು ಪ್ಲೇಬ್ಯಾಕ್‌ಗೆ (ಚಿತ್ರೀಕರಣದ ಜಾಗದಲ್ಲಿ ನುಡಿಸುವ ಮುದ್ರಿತ ಹಾಡಿಗೆ) ತುಟಿ ಆಡಿಸಿದ ದೃಶ್ಯಗಳು ವಿಡಿಯೊದ ಬೆನ್ನೆಲುಬು. ಒಂದೇ ಹಾಡನ್ನು ಹತ್ತಿರದಿಂದ, ದೂರದಿಂದ, ಬೇರೆ ಬೇರೆ ಉಡುಪುಗಳಲ್ಲಿ ಆರಂಭದಿಂದ ಕೊನೆಯವರೆಗೆ ಚಿತ್ರೀಕರಿಸಿರುತ್ತಾರೆ. ಆ ಟೇಕ್‌ಗಳನ್ನೆಲ್ಲ (ಪ್ರತಿ ಸಲದ ಚಿತ್ರೀಕರಣವೂ ಒಂದು ಟೇಕ್) ಮೂಲ ಧ್ವನಿಗೆ ಹೊಂದಿಸಿ ಒಂದರ ಮೇಲೊಂದು ಜೋಡಿಸಿಡಿ. ಹೊಂದಾಣಿಕೆಯನ್ನು ಪರೀಕ್ಷಿಸಲು ಪ, ಬ, ಮ ಅಕ್ಷರಗಳು ಬರುವಲ್ಲಿ ನಿಲ್ಲಿಸಿ ನೋಡುವುದು ಒಳ್ಳೆಯದು, ಏಕೆಂದರೆ ಈ ಅಕ್ಷರಗಳಿಗೆ ತುಟಿಗಳು ಮುಚ್ಚಲೇಬೇಕು. ಮಕಾರ ಕೇಳಿಸುವಾಗ ಬಾಯಿ ತೆರೆದೇ ಇದ್ದರೆ ಆ ಟೇಕ್ ಜಾರಿದೆ ಎಂದರ್ಥ.

ಇನ್ನು ಕಟ್, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಜಿಗಿಯುವ ಜಾಗ. 1981ರಲ್ಲಿ ಅಮೆರಿಕದ ಟಿವಿ ವಾಹಿನಿ ಎಂಟಿವಿ ಆರಂಭವಾಗಿ ಹಾಡುಗಳ ವಿಡಿಯೊಗಳೇ ಹಗಲಿರುಳು ಬಿತ್ತರಗೊಳ್ಳತೊಡಗಿದ ಮೇಲೆ ಚುರುಕಿನ ಕತ್ತರಿಯೇ ಈ ಪ್ರಕಾರದ ಗುರುತಾಯಿತು. ಹಾಗೆಂದು ಪ್ರತಿ ಬೀಟಿಗೂ ಕತ್ತರಿಸಿದರೆ ಹತ್ತು ಸೆಕೆಂಡಿನೊಳಗೆ ನೋಡುಗರಿಗೆ ಮುಂದಿನ ಕಟ್ ಎಲ್ಲಿ ಬೀಳುತ್ತದೆಂದು ತಿಳಿದುಹೋಗುತ್ತದೆ, ಆಮೇಲೆ ಅವರ ಕಣ್ಣು ಸೋಲುತ್ತದೆ. ಚರಣದಲ್ಲಿ ಶಾಟ್‌ಗಳನ್ನು ನಿಧಾನವಾಗಿ ಉಸಿರಾಡಲು ಬಿಟ್ಟು, ಪಲ್ಲವಿಯಲ್ಲಿ ವೇಗ ಹೆಚ್ಚಿಸುವುದು ರೂಢಿ. ಬೀಟಿನ ಮೇಲೆ ಕರಾರುವಾಕ್ಕಾಗಿ ಕತ್ತರಿಸುವುದಕ್ಕಿಂತ ಒಂದೆರಡು ಫ್ರೇಮ್ ಮುಂಚೆ ಕತ್ತರಿಸಿದರೆ ಪೆಟ್ಟು ಬೀಳುವ ಹೊತ್ತಿಗೆ ಹೊಸ ಚಿತ್ರ ಕಣ್ಣಿಗೆ ಕೂತಿರುತ್ತದೆ ಎಂಬುದು ನನ್ನ ಅನುಭವ. ಕೆಂಪು ಉಡುಪಿನಲ್ಲಿ ಎತ್ತಲಾರಂಭಿಸಿದ ಕೈ ಮುಂದಿನ ಶಾಟಿನಲ್ಲಿ ಬಿಳಿ ಉಡುಪಿನಲ್ಲಿ ಮೇಲೇರಿ ನಿಂತರೆ ಸ್ಥಳ ಬದಲಾದದ್ದು ಯಾರನ್ನೂ ಕಾಡುವುದಿಲ್ಲ; ಚಲನೆಯೇ ಎರಡನ್ನೂ ಬೆಸೆದಿರುತ್ತದೆ.

ತುಟಿಗಳು ಹಾಡಿಗೆ ಸರಿಯಾಗಿ ಕೂಡಿದ್ದು, ಕೂದಲು ಮತ್ತು ಬಟ್ಟೆ ಮಾತ್ರ ನೀರಿನೊಳಗಿದ್ದಂತೆ ತೇಲುವ ದೃಶ್ಯವನ್ನು ನೀವು ನೋಡಿರಬಹುದು. ಅದಕ್ಕಾಗಿ ಚಿತ್ರೀಕರಣದ ವೇಳೆ ಹಾಡನ್ನು ಎರಡರಷ್ಟು ವೇಗದಲ್ಲಿ ನುಡಿಸಿ, ಗಾಯಕರಿಂದ ಅದೇ ವೇಗದಲ್ಲಿ ಹಾಡಿಸಿ, ಕ್ಯಾಮೆರಾವನ್ನು ಸೆಕೆಂಡಿಗೆ 48 ಫ್ರೇಮ್‌ಗಳಲ್ಲಿ ಓಡಿಸುತ್ತಾರೆ. ಅದನ್ನು 24 ಫ್ರೇಮ್‌ಗಳ ವೇಗದಲ್ಲಿ ತೋರಿಸಿದಾಗ ತುಟಿಯ ಚಲನೆ ಹಾಡಿನ ಮೂಲ ವೇಗಕ್ಕೆ ಇಳಿದು ಕೂಡಿಕೊಳ್ಳುತ್ತದೆ, ದೇಹದ ಉಳಿದ ಚಲನೆಯೆಲ್ಲ ಅರ್ಧಕ್ಕೆ ನಿಧಾನಗೊಳ್ಳುತ್ತದೆ. ಇದನ್ನು ಚಿತ್ರೀಕರಣಕ್ಕೆ ಮುನ್ನವೇ ನಿರ್ಧರಿಸಿರಬೇಕು, ಸಾಮಾನ್ಯ ವೇಗದಲ್ಲಿ ಹಾಡಿದ ಟೇಕನ್ನು ಆಮೇಲೆ ನಿಧಾನಗೊಳಿಸಿದರೆ ತುಟಿ ಹಿಂದೆ ಬೀಳುತ್ತದೆ.

ವಿಡಿಯೊದಲ್ಲಿ ಕಥೆಯೂ ಇದ್ದರೆ ಹಾಡುವ ದೃಶ್ಯಗಳಿಗೊಂದು, ಕಥೆಗೊಂದು ಬಣ್ಣದ ಛಾಯೆ ಕೊಡಿ. ಪಲ್ಲವಿ ಮೂರನೆಯ ಬಾರಿ ಬರುವಾಗ ಕೇಳುಗರಿಗೆ ಅದರ ಪ್ರತಿ ಪದವೂ ಬಾಯಿಪಾಠವಾಗಿರುತ್ತದೆ. ಆದ್ದರಿಂದ ಅತ್ಯುತ್ತಮ ಶಾಟ್ ಒಂದನ್ನು ಅಲ್ಲಿಯವರೆಗೆ ಎಲ್ಲಿಯೂ ಬಳಸದೆ ಎತ್ತಿಡಿ.